ಕೋಮಲಳ ಕೈಗುಣ

"ಅಡಿಗಿಮನಿ ಚಿಮಟಾ ಸಾಕಾಗೂದಿಲ್ಲೇನ್ರಿ?"

ಕೌಂಟರಿನ ಆಚೆ ನಿಂತಿದ್ದ ಸಂಗ್ರಾಮ ತಲೆ ಎತ್ತಿದ. ಚಿಕ್ಕೋಡಿಯಲ್ಲಿ ಮೀನಿನ ತೊಟ್ಟಿಗಳ ಅಂಗಡಿ ಇಟ್ಟಾಗಿನಿಂದ ಅವನು ತರತರದ ಪ್ರಶ್ನೆ ಕೇಳಿದ್ದ. ಇಷ್ಟು ಗಂಭೀರ ಮುಖದಿಂದ ಕೇಳಿದವರು ಮಾತ್ರ ಯಾರೂ ಇರಲಿಲ್ಲ.

"ಸಾಕಾಗತೈತ್ರಿ," ಎಂದ. "ಮೀನಿಗೆ ಒಗ್ಗರಣಿ ಹಾಕೂದಿದ್ರ."

ಹುಡುಗಿ ನಗಲಿಲ್ಲ. ನಗು ಬಂದದ್ದನ್ನು ತುಟಿಯಲ್ಲೇ ಹಿಡಿದು ಅಲ್ಲೇ ಕೂರಿಸಿದಳು. ಸಂಗ್ರಾಮ ಬಿದ್ದದ್ದು ಅಲ್ಲಿಯೇ. ನಕ್ಕಿದ್ದರೆ ಬಹುಶಃ ಬಚಾವಾಗುತ್ತಿದ್ದ.

ಅವಳು ಕೋಮಲ. ನಿಪ್ಪಾಣಿಯ ಒಂದು ಹಲ್ಲಿನ ದವಾಖಾನೆಯಲ್ಲಿ ಚೀಟಿ ಬರೆಯುವ ಕೆಲಸ. ಡಾಕ್ಟರಿಗೆ ಹೊಸ ಹುಚ್ಚು ಹಿಡಿದಿತ್ತು. ರೋಗಿಗಳು ಕಾಯುವ ಕೋಣೆಯಲ್ಲಿ ನೀರೊಳಗೇ ಗಿಡ ಬೆಳೆಯುವ ಮೀನಿನ ತೊಟ್ಟಿ ಇಡಬೇಕು, ಹಲ್ಲು ಕೀಳಿಸಿಕೊಳ್ಳಲು ಬಂದವರು ಅದನ್ನು ನೋಡುತ್ತಾ ಹೆದರಿಕೆ ಮರೆಯಬೇಕು. ತೊಟ್ಟಿ ಬಂದಿತ್ತು. ಗಿಡ ನೆಡುವ, ಕತ್ತರಿಸುವ ಸಾಮಾನು ಆರಿಸಿಕೊಂಡು ಬಾ ಎಂದು ಅವಳನ್ನು ಚಿಕ್ಕೋಡಿಗೆ ಅಟ್ಟಿದ್ದರು.

ಸಂಗ್ರಾಮ ಮೊಳದುದ್ದದ ಸ್ಟೀಲಿನ ಚಿಮಟಾ ತೆಗೆದು ಬೆಳಕಿಗೆ ಹಿಡಿದ. "ತುದಿ ನೋಡ್ರಿ. ಒತ್ತಿದಾಗ ನಡಕ ಬೆಳಕ ಕಾಣಬಾರದು. ಕಂಡ್ರ ಬೇರು ಜಾರತೈತಿ. ನೀರಾಗ ಕೈ ಹಾಕಿ ನೆಡತೀನಂದ್ರ ತಳದ ಮಣ್ಣೆಲ್ಲಾ ಕದಡಿ ಚಹಾ ಆಗತೈತಿ."

"ಮತ್ತ ಕತ್ತರಿ?"

"ಹುಲ್ಲಿಗೆ ಬಾಗಿದ್ದು. ಉದ್ದ ಗಿಡಕ್ಕ ನೆಟ್ಟಗಿಂದು." ಅಂಗಡಿಯ ಹೆಮ್ಮೆಯ ಕತ್ತರಿಯೊಂದನ್ನು ಅವಳ ಮುಂದಿಟ್ಟ. "ಇದು ನನ್ನ ಫೇವರಿಟ್ ರೀ."

ಕೋಮಲ ಕೌಂಟರಿನ ಮೇಲಿನ ಹಳೆಯ ಪೇಪರಿನ ಅಂಚನ್ನು ಅದರ ತುದಿಯಿಂದ ಮಾತ್ರ ಕತ್ತರಿಸಿ ನೋಡಿದಳು. ಪೇಪರು ಮಡಚಿಕೊಂಡಿತು.

"ತುದಿ ಕಡಿಯಂಗಿಲ್ಲ. ಬ್ಯಾರೆ ತೋರಸ್ರಿ."

"ಕತ್ತರಿ ಬಗ್ಗೆ ಭಾಳ ಗೊತ್ತೈತಿ ಕಾಣಸತೈತಿ."

"ನಮ್ಮವ್ವ ಬೀಡಿ ಕಟ್ಟತಾಳ್ರಿ. ನಾನೂ ಕಟ್ಟತೀನಿ. ನಿಪ್ಪಾಣಿಯೊಳಗ ಹುಟ್ಟಿ ಕತ್ತರಿ ಗೊತ್ತಿಲ್ಲಂದ್ರ ಹೆಂಗ್ರಿ?"

ಅವಳು ಅದನ್ನು ನಾಚಿಕೆಯಿಲ್ಲದೆ, ಹೆಮ್ಮೆಯೂ ಇಲ್ಲದೆ ಹೇಳಿದಳು. ಮನೆಯಲ್ಲಿ ಎರಡು ಎಮ್ಮೆ ಇವೆ ಎಂದು ಹೇಳುವ ಹಾಗೆ. ಈ ಮಾತನ್ನು ಓದುಗರು ನೆನಪಿಡಬೇಕು. ಯಾಕೆಂದರೆ ಸಂಗ್ರಾಮ ಮುಂದೆ ಅದನ್ನು ಮರೆತವನ ಹಾಗೆ ನಡೆದುಕೊಳ್ಳುತ್ತಾನೆ.

ಅವತ್ತು ಮಾತ್ರ ಅವನು ಸೋತವನ ಹಾಗೆ ಕೈ ಜೋಡಿಸಿದ. "ಹಂಗಾರ ನೀವು ಗಿರಾಕಿ ಅಲ್ಲರಿ, ಪರೀಕ್ಷಾ ತಗೊಳ್ಳಾಕ ಬಂದೀರಿ."

ಈ ಸಲ ಅವಳು ನಕ್ಕಳು.

*

ನೆಡುವುದನ್ನು ಕಲಿಸಲು ಅವನು ನಿಪ್ಪಾಣಿಗೆ ಬಂದ. ಕಲಿತಾದ ಮೇಲೂ ಬಂದ. ತೊಟ್ಟಿಯ ನೀರು ಬದಲಿಸುವ ನೆಪ, ಪಾಚಿ ಕೆರೆಯುವ ನೆಪ, ಕೊನೆಗೆ ಬರೀ "ಈ ಕಡೆ ಬಂದಿದ್ದೆ" ಎಂಬ ನೆಪ. ಚಿಕ್ಕೋಡಿಯಲ್ಲಿ ಅಂಗಡಿ, ಸದಲಗಾದಲ್ಲಿ ಮನೆ. ಆ ಎರಡರ ನಡುವೆ ನಿಪ್ಪಾಣಿ ಯಾವ ಕಡೆಯಿಂದ ಬರುತ್ತದೆ ಎಂದು ಕೋಮಲ ಕೇಳಲಿಲ್ಲ. ಪ್ರೀತಿಯಲ್ಲಿ ಬಿದ್ದವರಿಗೆ ನಕಾಶೆ ಬೇರೆಯೇ ಇರುತ್ತದೆ.

ಒಂದು ಮಧ್ಯಾಹ್ನ, ರೋಗಿಗಳಿಲ್ಲದ ಹೊತ್ತು. ಅವಳು ತೊಟ್ಟಿಯ ಈ ಬದಿಯ ಗಾಜು ಒರೆಸುತ್ತಿದ್ದಳು, ಅವನು ಆ ಬದಿಯದು. ನೀರಿನ ಆಚೆ ಅವನ ಮುಖ ಅಗಲವಾಗಿ, ಮೂಗು ಸೊಟ್ಟಗಾಗಿ ಕಂಡಿತು. ನೀಲಿ ಗೆರೆಯ ಸಣ್ಣ ಮೀನುಗಳು ಅವನ ಹಣೆಯ ಮೇಲಿಂದ ಅವಳ ಗಲ್ಲದ ಕಡೆಗೆ ಓಡಾಡಿದವು. ಅವನು ಒರೆಸುವುದನ್ನು ನಿಲ್ಲಿಸಿದ. ಅವಳು ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

"ಕೋಮಲ."

"ರೀ ಎಲ್ಲಿ ಹೋತು?"

"ನೀರಾಗ ಬಿತ್ತು."

"ಚಿಮಟಾ ಹಚ್ಚಿ ತಗೀರಿ."

"ತಗ್ಯಾಂಗಿಲ್ಲ. ಅಲ್ಲೇ ಬೇರು ಬಿಡಲಿ."

ಅವಳ ಕಿವಿಯ ತುದಿ ಕೆಂಪಾದದ್ದು ನೀರಿನ ಆಚೆಯಿಂದಲೂ ಅವನಿಗೆ ಕಂಡಿತು. ಅಂದಿನಿಂದ ಅವನು ಅವಳಿಗೆ 'ನೀ' ಆದ.

ಅವನು ಅವಳ ಮನೆಗೂ ಬಂದ. ಅವಳ ತಾಯಿ ತಾರವ್ವ ಮೊರದ ತುಂಬ ತಂಬಾಕು ಇಟ್ಟುಕೊಂಡು ಬೀಡಿ ಕಟ್ಟುತ್ತಾ ಕೂತಿದ್ದಳು. ಪಕ್ಕದಲ್ಲಿ ಕೂತವನಿಗೆ ಸೀನಿನ ಮೇಲೆ ಸೀನು. "ಅಳಿಯಾ ಆಗಾಂವ ಇಷ್ಟ ಸೀನಿದ್ರ ಹೆಂಗಪಾ?" ಎಂದು ತಾರವ್ವ ನಕ್ಕಳು. ಅವಳು ಕೊಟ್ಟ ಚಹಾ ಅವನು ಬಸಿಗೆ ಹಾಕಿ ಸುರ್ರೆಂದು ಕುಡಿದ. ಅವನು ಹೋದ ಮೇಲೆ ತಾರವ್ವ ಬಹಳ ಹೊತ್ತು ಒಬ್ಬಳೇ ನಗುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅಷ್ಟು ನಗು ಆಗಿರಲಿಲ್ಲ.

"ಮನ್ಯಾಗ ಹೇಳೇನಿ," ಎಂದ ಸಂಗ್ರಾಮ, ಒಂದು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ.

"ಏನಂತ?"

"ಬಿ.ಕಾಂ. ಕಲ್ತಾಳ, ದವಾಖಾನ್ಯಾಗ ಕೆಲಸಾ ಮಾಡತಾಳ, ಅವ್ವ ಬ್ಲೌಸ್ ಹೊಲೀತಾಳ ಅಂತ."

"ನಮ್ಮವ್ವ? ಗುಂಡಿ ಹಚ್ಚಾಕೂ ಆಕಿಗೆ ನಾ ಬೇಕು!"

"ಅಪ್ಪನ ಸ್ವಭಾವ ನಿನಗ ಗೊತ್ತಿಲ್ಲ. ಹಾಲಿನ ಸಂಘದ ಡೈರೆಕ್ಟರ್ ಆದಾಗಿಂದ ನೆಲದ ಮ್ಯಾಲ ಕಾಲಿಡವಲ್ಲ. ಬೀಡಿ ಕಟ್ಟೂರ ಮನಿ ಅಂದ್ರ ಅಲ್ಲೇ ಮುಗೀತು. ಮದುವಿ ಆದ ಮ್ಯಾಲ ಹೇಳೂಣು. ನನ್ನ ಸಲುವಾಗಿ, ಕೋಮಲ."

ಅವಳಿಗೆ ನೋವಾಯಿತು. ಅವಳು ಹುಬ್ಬು ಗಂಟು ಹಾಕಿದಳು. ಅವನು ಕಿರುಬೆರಳಿನಿಂದ ಆ ಗಂಟನ್ನು ಸವರಿ ಬಿಡಿಸಿದ. ಅಷ್ಟಕ್ಕೇ ಕರಗಿಬಿಟ್ಟಳು. 'ನನ್ನ ಸಲುವಾಗಿ' ಎಂಬ ಮಾತನ್ನು ಗಂಡಸರು ಎಷ್ಟು ಸಲೀಸಾಗಿ ಆಡುತ್ತಾರೆ!

*

ಬೀಗರು ನಿಪ್ಪಾಣಿಗೆ ಬಂದರೆ ಮೊರ, ತಂಬಾಕು ಎಲ್ಲ ಬಯಲಾಗುತ್ತದಲ್ಲ. ಕೋಮಲಳ ಮನೆಗೆ ಬಣ್ಣ ಹಚ್ಚುತ್ತಿದ್ದಾರೆ ಎಂದು ಇನ್ನೊಂದು ಸುಳ್ಳು ಹೇಳಿ, ಸಂಗ್ರಾಮ ಕನ್ಯೆಯನ್ನೇ ಸದಲಗಾಕ್ಕೆ ಕರೆಸಿದ. ತಾರವ್ವ ಬಂದಳು, ಸೋದರಮಾವ ಧರೆಪ್ಪ ಬಂದ. ಹೊಗೆಸೊಪ್ಪಿನ ಕಂದು ಹಿಡಿದ ಉಗುರುಗಳನ್ನು ತಾರವ್ವ ಸೆರಗಿನೊಳಗೆ ಮುಚ್ಚಿಕೊಂಡೇ ಕೂತಳು. ಕೊಟ್ಟ ಅವಲಕ್ಕಿಯನ್ನೂ ತಿನ್ನಲಿಲ್ಲ. ತಿನ್ನಬೇಕೆಂದರೆ ಕೈ ಹೊರಗೆ ತೆಗೆಯಬೇಕಲ್ಲ.

"ಹುಡುಗಿ ಕೈಗೆಲಸಾ ಏನೇನ ಬರತೈತಿ?" ಎಂದಳು ಸಂಗ್ರಾಮನ ತಾಯಿ ಶೇವಂತಾ. ಆ ಮನೆಗೆ ಸೊಸೆಯಾಗಿ ಬರುವವಳು ಏನಾದರೊಂದನ್ನು ಎಲ್ಲರೆದುರು ಮಾಡಿ ತೋರಿಸಬೇಕು. ದೊಡ್ಡ ಸೊಸೆ ನೀಲಮ ಕಸೂತಿ ಹಾಕಿ ತೋರಿಸಿದ್ದಳಂತೆ.

"ಆಯಿ, ಆಕಿ ನೀರಾಗ ತ್ವಾಟ ಮಾಡತಾಳ," ಎಂದ ಸಂಗ್ರಾಮ. ಎಲ್ಲ ಮೊದಲೇ ತಯಾರಿಟ್ಟಿದ್ದ. ಪಡಸಾಲೆಯಲ್ಲಿ ಎರಡು ಫೂಟಿನ ಸಣ್ಣ ತೊಟ್ಟಿ. ಮೀನು, ಕೆಂಪು ಸೀಗಡಿಗಳು ಆಗಲೇ ಒಗ್ಗಿಕೊಂಡು ಓಡಾಡುತ್ತಿದ್ದವು. ಹಿಂದಿನ ಗಿಡಗಳು ಕಾಡಿನ ಹಾಗೆ ಬೆಳೆದಿದ್ದವು. ಅವನ್ನು ಸವರಿ, ಮುಂದೆ ಹುಲ್ಲು ನೆಟ್ಟರೆ ಆಯಿತು.

ಹೆಂಗಸರೆಲ್ಲ ಸುತ್ತ ನೆರೆದರು. ಕೋಮಲ ತೋಳೇರಿಸಿ ಚಿಮಟಾ ಹಿಡಿದು ಹುಲ್ಲಿನ ಎಳೆಗಳನ್ನು ಒಂದೊಂದಾಗಿ ಓರೆಯಾಗಿ ಇಳಿಸಿದಳು. ಒಂದೂ ತೇಲಲಿಲ್ಲ. "ಅಗ ಬಾಯಿ!" ಎಂದು ಬೆರಗಾದಳು ನೀಲಮ. ಬಾಗಿಲಲ್ಲಿ ನಿಂತಿದ್ದ ಸಂಗ್ರಾಮ ಯಾರೂ ನೋಡದಾಗ ಒಂದು ಕಣ್ಣು ಮಿಟುಕಿಸಿದ. ಅಷ್ಟರಲ್ಲಿ ಅಪ್ಪ ರಾವಸಾಹೇಬ ಹೊಸ ಎಮ್ಮೆ ತೋರಿಸಲು ಧರೆಪ್ಪನ ಜತೆ ಅವನನ್ನೂ ಹಿತ್ತಲಿನ ಕೊಟ್ಟಿಗೆಗೆ, ಅವರ ಮಾತಿನ ಗೋಠಾಕ್ಕೆ, ಕರೆದುಕೊಂಡು ಹೋದ.

ಹಿಂದಿನ ಗಿಡ ಸವರಲು ಹೋದರೆ ಸಂಗ್ರಾಮ ಇಟ್ಟಿದ್ದ ಕತ್ತರಿಯ ತುದಿ ಕಡಿಯಲಿಲ್ಲ. ಅವತ್ತು ಅವಳು ಬೇಡವೆಂದಿದ್ದ ಅದೇ ಫೇವರಿಟ್ ಕತ್ತರಿ! ಕಾಂಡಗಳು ಜಜ್ಜಿಹೋದವು. ಸುತ್ತ ಹೆಂಗಸರು, ಮುಂದೆ ಅತ್ತೆಯಾಗುವವಳು. ಕೋಮಲ ಪರ್ಸಿನಿಂದ ತನ್ನ ಕತ್ತರಿ ತೆಗೆದಳು. ಅವರ ಮನೆಯಲ್ಲಿ ಬೀಡಿ ಎಲೆ ಕತ್ತರಿಸುವ ಕತ್ತರಿಯಿಂದಲೇ ಉಗುರು, ಅದರಿಂದಲೇ ಹಾಲಿನ ಪಾಕೀಟು, ಅದರಿಂದಲೇ ಹೂವಿನ ದಾರ. ಅದು ಬೇರೆ ಕೆಲಸಕ್ಕೆ ಬಾರದ ವಸ್ತು ಎಂದು ನಿಪ್ಪಾಣಿಯ ಯಾವ ಹೆಣ್ಣಿಗೂ ಹೊಳೆಯುವುದಿಲ್ಲ. ಗಿಡಗಳು ಬೆಣ್ಣೆಯ ಹಾಗೆ ತುಂಡಾದವು. ಒಳಗಿನ ಗಾಜು ಮಸುಕಾಗಿತ್ತು. ಕತ್ತರಿ ಸುತ್ತಿಟ್ಟಿದ್ದ ಬಟ್ಟೆ ಕೈಯಲ್ಲೇ ಇತ್ತು. ಅದನ್ನೇ ನೀರಿಗೆ ಅದ್ದಿ ಗಾಜಿನ ಒಳಮೈ ಉಜ್ಜಿದಳು.

ಆ ಬಟ್ಟೆಯ ಮಡಿಕೆಗಳಲ್ಲಿ ಎಷ್ಟು ದಿನದ ತಂಬಾಕಿನ ಪುಡಿ ಇತ್ತೋ!

ತೊಟ್ಟಿ ಮಾತ್ರ ಕಣ್ಣಿಗೆ ಹಬ್ಬವಾಗಿತ್ತು. ಶೇವಂತಾ ಅವಳ ಬಾಯಿಗೆ ಸಕ್ಕರೆ ಹಾಕಿದಳು. "ಕೈಯಾಗ ಲಕ್ಷ್ಮೀ ಅದಾಳ," ಎಂದಳು. ಸಾಕರಪುಡಾಕ್ಕೆ, ಅಂದರೆ ನಿಶ್ಚಿತಾರ್ಥಕ್ಕೆ, ದಿನ ನೋಡುವ ಮಾತೂ ಆಯಿತು.

ಮರುದಿನ ಬೆಳಿಗ್ಗೆ ಮೀನುಗಳೆಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಸೀಗಡಿಗಳು ಹೊಸ ಹುಲ್ಲಿನ ಮೇಲೆ ಬಿಳಿಚಿಕೊಂಡು ಬಿದ್ದಿದ್ದವು.

*

"ಯಾವ ಕತ್ತರಿ ಹಚ್ಚಿದ್ದಿ?"

ಸಂಗ್ರಾಮ ನಿಪ್ಪಾಣಿಗೆ ಓಡಿ ಬಂದಿದ್ದ. ಕೋಮಲ ತೋರಿಸಿದಳು. ಅವನು ಬಟ್ಟೆಯನ್ನು ಮೂಗಿಗೆ ಹಿಡಿದು, ಹಣೆ ಹಿಡಿದುಕೊಂಡು ಕೂತ.

"ತಂಬಾಕ ಅಂದ್ರ ಮೀನಿಗೆ ವಿಷಾ, ಕೋಮಲ. ಸೀಗಡಿಗಂತೂ ಕೇಳಬ್ಯಾಡ."

ಅವಳು ಬಾಯಿಗೆ ಕೈ ಒತ್ತಿಕೊಂಡಳು. ತನ್ನ ಕೈಯಿಂದಲೇ ಅಷ್ಟು ಜೀವ ಹೋದವಲ್ಲ ಎಂದು ಅತ್ತಳು. ಅವನು ಭುಜ ಸವರಿದ, ಸಮಾಧಾನ ಹೇಳಿದ. ಗೊತ್ತಿಲ್ಲದೆ ಆದದ್ದು ಎಂದ. ಅಲ್ಲಿಯವರೆಗೆ ಅವನು ಒಳ್ಳೆಯವನೇ.

"ಮನ್ಯಾಗ ಏನಂದ್ರು?"

ಅವನು ನೆಲ ನೋಡಿದ. "ಆಯಿ... ಕೈಗುಣ ಚಲೋ ಇಲ್ಲ ಅಂತಾಳ. ಕೈ ಇಟ್ಟ ದಿನಾನ ಜೀವಾ ಹೋದ್ವು, ನಾಳೆ ಗೋಠಾದಾಗಿನ ಎಮ್ಮಿ ಮುಟ್ಟಿದ್ರ ಹೆಂಗ ಅಂತ ಅಪ್ಪನೂ..."

"ನೀ ಹೇಳಲಿಲ್ಲ? ಕತ್ತರಿ ಮಾತ?"

"ಕತ್ತರಿ ಅಂದ್ರ ಬೀಡಿ ಬರತೈತಿ. ಬೀಡಿ ಅಂದ್ರ ನಾ ಹೇಳಿದ ಸುಳ್ಳ ಬರತೈತಿ. ಸ್ವಲ್ಪ ತಡಿ. ಎಲ್ಲಾ ತಣ್ಣಗಾಗಲಿ, ನಾನ ಹೇಳತೀನಿ."

ಅವಳು ತಡೆದಳು. ಪ್ರೀತಿಸಿದವಳು ತಡೆಯದೆ ಏನು ಮಾಡುತ್ತಾಳೆ? ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಆ ಬಂಗಾರದ ಬೆಲೆ ಯಾರು ತೆರಬೇಕು ಎಂದು ಮಾತ್ರ ಯಾರೂ ಹೇಳುವುದಿಲ್ಲ.

ಮಾತಿಗೆ ಕಾಲಿರಲಿಲ್ಲ, ಬಸ್ಸಿತ್ತು. ಸದಲಗಾದಿಂದ ಹೊರಟು ನಿಪ್ಪಾಣಿಯ ಓಣಿಯನ್ನೇ ಹೊಕ್ಕಿತು. ಸದಲಗಾದ ಮಾತು ನಿಂತಿತೆಂದು ಧರೆಪ್ಪ ರಾಯಬಾಗದಿಂದ ಕರೆತಂದಿದ್ದ ಇನ್ನೊಂದು ಸಂಬಂಧದವರು ಚಹಾ ಕುಡಿಯದೇ ಎದ್ದು ಹೋದರು. ಎದುರುಮನೆಯ ಬಾಣಂತಿ ಕೂಸನ್ನು ಅವಳ ಕೈಗೆ ಕೊಡುವುದು ಬಿಟ್ಟಳು. "ಕೋಮಲ, ಸ್ವಲ್ಪ ದಿನಾ ಟ್ಯಾಂಕಿಗೆ ಕೈ ಹಚ್ಚಬ್ಯಾಡ," ಎಂದರು ಅಷ್ಟೆಲ್ಲ ಓದಿದ ಡಾಕ್ಟರು, ಅವಳ ಮುಖ ನೋಡದೆ. ತಾರವ್ವ ಮೊರ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದಳು.

ಸಂಗ್ರಾಮ ಮೊದಮೊದಲು ಫೋನ್ ಮಾಡಿದ. ಆಮೇಲೆ ಮೆಸೇಜು. ಆಮೇಲೆ ಅದೂ ಇಲ್ಲ. ಅವಳು ಮಾಡಿದರೆ "ಗಿರಾಕಿ ಅದಾರ, ಆಮ್ಯಾಲ ಮಾಡತೀನಿ."

ಇಷ್ಟನ್ನೂ ಅವಳು ನುಂಗಿದಳು. ನುಂಗಲಾಗದ್ದು ದವಾಖಾನೆಗೇ ಬಂತು. ಚಿಕ್ಕೋಡಿಯಿಂದ ದವಡೆ ಹಿಡಿದುಕೊಂಡು ಬಂದ ಒಬ್ಬ ಮೇಷ್ಟ್ರು ತೊಟ್ಟಿ ನೋಡುತ್ತಾ, ಇವಳು ಯಾರೆಂದು ತಿಳಿಯದೆ ಅಂದರು: "ನಮ್ಮಲ್ಲಿ ಒಬ್ಬ ಸಂಗ್ರಾಮ ಅಂತ ಅದಾನ. 'ನಿನ್ನ ಮನ್ಯಾಗಿನ ಮೀನನ ಸತ್ತಾವಂತಲ್ಲೋ, ನಮಗ ಹೆಂಗ ಗ್ಯಾರಂಟಿ ಕೊಡತಿ' ಅಂತ ಕೇಳಿದೆ. 'ನನ್ನ ತಪ್ಪಲ್ಲ ಸರ್, ನೋಡಾಕ ಬಂದ ಹುಡುಗಿ ಕೈಗುಣ' ಅಂತಂದು ನಕ್ಕಾ."

ನಕ್ಕನಂತೆ.

ಕೋಮಲ ಮೇಷ್ಟ್ರಿಗೆ ಚೀಟಿ ಬರೆದುಕೊಟ್ಟಳು. ಅಕ್ಷರ ಒಂದೂ ಸೊಟ್ಟಗಾಗಲಿಲ್ಲ.

*

ಖಂಡೇನವಮಿ ಬಂತು. ಎಲ್ಲರೂ ತಮ್ಮ ತಮ್ಮ ಆಯುಧಗಳನ್ನು ತೊಳೆದು ಪೂಜೆಗೆ ಇಡುವ ದಿನ. ತಾರವ್ವನೂ ಬೀಡಿ ಕತ್ತರಿಗೆ ವಿಭೂತಿ, ಕುಂಕುಮ ಹಚ್ಚಿ ಹೂ ಏರಿಸಿದ್ದಳು. ಕೋಮಲ ಕೈಮುಗಿದು ಅದನ್ನೆತ್ತಿ, ಅದೇ ಹಳೆಯ ಬಟ್ಟೆಯಲ್ಲಿ ಸುತ್ತಿಕೊಂಡು ಚಿಕ್ಕೋಡಿಯ ಬಸ್ಸು ಹತ್ತಿದಳು.

ಅಂಗಡಿಯಲ್ಲಿ ಮಂದಿ ತುಂಬಿತ್ತು. ಮಣೆಯ ಮೇಲೆ ಚಿಮಟಾ, ಕತ್ತರಿಗಳು ಕುಂಕುಮ ಹಚ್ಚಿಕೊಂಡು ಸಾಲಾಗಿ ಮಲಗಿದ್ದವು. ಶೇವಂತಾ ಆರತಿ ತಟ್ಟೆ ಹಿಡಿದಿದ್ದಳು, ರಾವಸಾಹೇಬ ಗಿರಾಕಿಗಳಿಗೆ ಪೇಢೆ ಹಂಚುತ್ತಿದ್ದ. ನಡುವೆ ಅಂಗಡಿಯ ದೊಡ್ಡ ತೊಟ್ಟಿ, ಸಂಗ್ರಾಮ ಎರಡು ವರ್ಷ ಮಗುವಿನ ಹಾಗೆ ಸಾಕಿದ್ದು. ಅದರಲ್ಲಿ ಕಾಡಿತ್ತು, ಬೆಳಕಿತ್ತು, ಬಣ್ಣಬಣ್ಣದ ಮೀನುಗಳ ಹಿಂಡಿತ್ತು.

"ಪೂಜಿಗೆ ಬಂದೇನ್ರಿ ಕಾಕೂ," ಎಂದಳು ಕೋಮಲ ಶೇವಂತಾಳಿಗೆ. "ನಮ್ಮ ಮನಿ ಆಯುಧಾನೂ ತಂದೇನಿ."

ಶೇವಂತಾ ಒಂದು ಹೆಜ್ಜೆ ಹಿಂದೆ ಸರಿದಳು. ಸಂಗ್ರಾಮ ಮಣೆಯ ಹತ್ತಿರದಿಂದ ಎದ್ದ. ಸೊರಗಿದ್ದ. ಗಡ್ಡ ಬಿಟ್ಟಿದ್ದ. ಅವಳಿಗೆ ಆ ಹೊತ್ತಿನಲ್ಲೂ ಆ ಗಡ್ಡ ಸವರಬೇಕೆನಿಸಿತು. ತನ್ನ ಮೇಲೇ ಅವಳಿಗೆ ಸಿಟ್ಟು ಬಂತು.

ಬಟ್ಟೆಯ ಗಂಟನ್ನು ಅವಳು ದೊಡ್ಡ ತೊಟ್ಟಿಯ ಮೇಲೆ ಹಿಡಿದಳು.

"ಇದರಾಗ ಕತ್ತರಿ ಐತಿ. ಇದನ್ನ ನಿಮ್ಮ ನೀರಾಗ ತೊಳದ ಪೂಜಿಗೆ ಇಡ್ಲಿ? ಕೈಗುಣ ಇದ್ದದ್ದು ನನಗ, ಕತ್ತರಿಗೇನ ಇರಂಗಿಲ್ಲಲಾ. ಏನಂತಿ ಸಂಗ್ರಾಮ?"

ಅವನು ಅವಳನ್ನು ನೋಡಿದ, ಅಪ್ಪನನ್ನು ನೋಡಿದ. ತುಟಿ ಅಲುಗಿತು, ಮಾತು ಬರಲಿಲ್ಲ. ಅವಳು ಒಂದು ಬೆರಳು ಸಡಿಲಿಸಿದಳು. ಗಂಟು ನೀರಿನ ಕಡೆ ಜೋತಾಡಿತು. ಮೀನುಗಳು ಆಹಾರವೆಂದು ತಿಳಿದು ಮೇಲಕ್ಕೆ ಬಂದವು.

"ಬ್ಯಾಡ ಕೋಮಲ! ಬ್ಯಾಡ! ಸಾಯ್ತಾವ!"

ಗಿರಾಕಿಗಳೆಲ್ಲ ಇತ್ತ ತಿರುಗಿದರು.

"ಯಾಕ ಸಾಯ್ತಾವ?"

"ತಂಬಾಕ ಐತಿ ಅದರಾಗ. ಎಲ್ಲಾ ಸಾಯ್ತಾವ. ಕೈ ಮುಗೀತೀನಿ."

"ಅವತ್ತ ನಿಮ್ಮ ಮನ್ಯಾಗ?"

ಅವನು ಕಣ್ಣು ಮುಚ್ಚಿದ. "ಅವತ್ತೂ ಇದ ಕತ್ತರಿ. ಇದ ಬಟ್ಟಿ. ಆಯಿ, ಅವರವ್ವ ಬೀಡಿ ಕಟ್ಟತಾಳ. ನನಗ ಮೊದಲಿಂದ ಗೊತ್ತಿತ್ತು."

ಶೇವಂತಾ ಆರತಿ ತಟ್ಟೆಯನ್ನು ಕೆಳಗಿಟ್ಟಳು. ಮಗನ ಕಡೆ ತಿರುಗಿದಳು. "ನಾನೂ ತವರಮನ್ಯಾಗ ಬೀಡಿ ಕಟ್ಟಿದಾಕಿನ, ಸಂಗ್ಯಾ," ಎಂದಳು. "ನಿಮ್ಮಪ್ಪನ ಮರ್ಯಾದಿ ಸಲುವಾಗಿ ಇಷ್ಟ ದಿನಾ ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಹೊಟ್ಟ್ಯಾಗ ಹುಟ್ಟಿ ನೀನೂ ಅದನ್ನ ಕಲ್ತಿ."

ರಾವಸಾಹೇಬನ ಕೈಯಲ್ಲಿ ಪೇಢೆಯ ಪೆಟ್ಟಿಗೆ ಹಾಗೇ ಉಳಿಯಿತು.

ಶೇವಂತಾ ಕೋಮಲಳ ಹತ್ತಿರ ಬಂದಳು. "ಬಾಯಿಗೆ ಬಂದದ್ದ ಅಂದೇನವ್ವಾ. ನನ್ನ ನಾಲಿಗಿ ಸುಡಲಿ. ಒಳಗ ಬಾ, ಕೂಡು. ಮುಂದಿನ ಮಾತ ಇಲ್ಲೇ ಮುಗಸೂಣು."

ಬೇಕೆಂದು ಹರಕೆ ಹೊತ್ತಿದ್ದೆಲ್ಲ ಕೈಗೆ ಬಂದಿತ್ತು. ಕೋಮಲ ಗಂಟನ್ನು ತೊಟ್ಟಿಯ ಮೇಲಿನಿಂದ ತೆಗೆದು ಪರ್ಸಿನಲ್ಲಿಟ್ಟಳು. ಶೇವಂತಾಳ ಕಾಲು ಮುಟ್ಟಿ ನಮಸ್ಕರಿಸಿದಳು. ಮತ್ತೆ ಹೊರಗಿನ ಮೆಟ್ಟಿಲು ಇಳಿದಳು.

ಸಂಗ್ರಾಮ ಓಡಿ ಬಂದು ಅಡ್ಡ ನಿಂತ. "ಹೇಳಿದ್ನಲ್ಲ! ಎಲ್ಲಾರ ಮುಂದ ಹೇಳಿದೆ. ಇನ್ನೇನ ಬೇಕು ನಿನಗ?"

"ಬೀಡಿ ಮಾತ ಹೇಳಾಕ ನಿನಗ ಆಗಲಿಲ್ಲ, ಇರಲಿ. ಸುಳ್ಳರ ಹೇಳಬಹುದಿತ್ತು. 'ನಾನ ನೀರಿಗೆ ಔಷಧ ಹೆಚ್ಚ ಹಾಕಿದ್ನಿ, ಅದಕ್ಕ ಸತ್ವು' ಅಂತ ನಿನ್ನ ಮ್ಯಾಲ ತಗೊಂಡು. ನಿನಗೇನ ಸುಳ್ಳ ಬರಾಂಗಿಲ್ಲೇನು? ಅವ್ವನ ಕೈಯಾಗ ಬ್ಲೌಸ್ ಹೊಲಿಸಿದಿ, ನಮ್ಮ ಮನಿಗೆ ಬಣ್ಣಾ ಹಚ್ಚಿಸಿದಿ. ನನ್ನ ಸಲುವಾಗಿ ಒಂದ ಸುಳ್ಳ ಸೈತ ನಿನಗ ತುಟ್ಟಿ ಆತು."

"ಅಂಗಡಿ ಹೆಸರ ಹೋಗತಿತ್ತು, ಕೋಮಲ."

"ನನ್ನ ಹೆಸರ ಹೋತು."

ಅವನ ಕಣ್ಣು ತುಂಬಿದವು. ಅವು ನಿಜವಾದ ಕಣ್ಣೀರೇ; ಅವನು ಅವಳನ್ನು ಪ್ರೀತಿಸಿದ್ದೂ ನಿಜವೇ.

"ಮೀನ ಸಾಯ್ತಾವ ಅಂದಕೂಡಲೇ ನಿನಗ ಮಾತ ಬಂತು ನೋಡು," ಎಂದಳು ಕೋಮಲ, ಮೆತ್ತಗೆ. "ಅಷ್ಟೇ ನೋಡಾಕ ಬಂದಿದ್ದೆ. ಆಗೂ ಮಾತ ಬರಲಾರದ ಇರಲಿ ಅಂತ ದೇವರಿಗೆ ಬೇಡಿಕೊಂಡಿದ್ದೆ. ಇವನ ಸ್ವಭಾವನ ಹಿಂಗ, ಯಾರ ಸಲುವಾಗಿನೂ ಬಾಯಿ ಬಿಡಾಂಗಿಲ್ಲ ಅಂತ ಸಮಾಧಾನ ಮಾಡಿಕೊಂಡು ನಿನ್ನ ಕೂಡ ಬಾಳೇವು ಮಾಡತಿದ್ದೆ."

"ನನ್ನ ಮ್ಯಾಲ ಪ್ರೀತಿ ಹೋತೇನು?"

"ಹೋಗಿದ್ರ ಗಂಟ ನೀರಿಗೆ ಬಿಡತಿದ್ದೆ."

ಅವನು ಅವಳ ಕೈ ಹಿಡಿಯಲು ಹೋದ. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ನಿಪ್ಪಾಣಿಯ ಬಸ್ಸಿನಲ್ಲಿ ಹಬ್ಬದ ಗದ್ದಲ. ಹೂ ಮುಡಿದ ಹೆಂಗಸರು, ಬಾಳೆಕಂಬದ ತುಂಡುಗಳು, ಹೊಸ ಬಟ್ಟೆಯ ವಾಸನೆ. ಕೋಮಲ ಕಿಟಕಿಗೆ ತಲೆ ಆನಿಸಿ ಅಳುತ್ತಿದ್ದಳು. ಮುಖ ಮುಚ್ಚಿಕೊಳ್ಳಬೇಕೆಂದೂ ಅವಳಿಗೆ ತೋಚಲಿಲ್ಲ. ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸು ಸ್ವಲ್ಪ ಹೊತ್ತು ನೋಡಿ, ತಡೆಯಲಾರದೆ ಮೊಣಕಾಲು ಮುಟ್ಟಿದಳು.

"ಹಬ್ಬದ ದಿನಾ ಯಾಕ ಅಳತಿಯವ್ವಾ? ಯಾರರೆ ತೀರಿಕೊಂಡ್ರೇನು?"

"ಹೂಂನ್ರಿ."

"ಮನಿಯವರಾ?"

"ಆಗಬೇಕಾಗಿತ್ರಿ," ಎಂದಳು ಕೋಮಲ.